ಕುಸ್ತಿಗೆ ಮುಂಚೆ ಸುತ್ತಿದ ರುಮಾಲು

ಪೇಪರ್ ಕಾಕಾಗೆ ಒಂದು ಕಪ್ ಚಹಾ ಕುಡಿಸಬೇಕೆಂದು ಹಟ ಹಿಡಿದು ಸೋತವರು ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರುಗಳಲ್ಲಿದ್ದಾರೆ. ಅವರಲ್ಲಿ ನಾನೂ ಒಬ್ಬ. ವಾಲಿಬಾಲ್ ಇರಲಿ, ಹುತುತು ಇರಲಿ, ಕುಸ್ತಿ ಇರಲಿ, ಅವರು ಸೈಕಲ್ ಮೇಲೆ ಬರುತ್ತಿದ್ದರು. ಹ್ಯಾಂಡಲ್ಲಿಗೆ ಒಂದು ಕಡೆ ರೊಟ್ಟಿಯ ಗಂಟು, ಇನ್ನೊಂದು ಕಡೆ ನೀರಿನ ಬಾಟಲಿ. ಸುಡು ಬಿಸಿಲಿನಲ್ಲೂ ತಲೆಯ ಮೇಲೆ ಏನೂ ಇಲ್ಲ. ಪಂದ್ಯ ನಡೆಸುವವರು ಶಾಮಿಯಾನದ ಕುರ್ಚಿ ತೋರಿಸಿದರೆ ಕೈ ಮುಗಿದು, ಮುಂದೆ ಹೋಗಿ, ಮಂದಿಯ ನಡುವೆ ನೆಲದ ಮೇಲೆ ಕೂಡುತ್ತಿದ್ದರು. ಕಪ್ಪು ಬಸಿ ಹಿಡಿದು ಬೆನ್ನು ಹತ್ತಿದವರಿಗೆ ‘ಮುಗೀಲಿ ತಡೀರಿ’ ಅನ್ನುತ್ತಿದ್ದರು. ಮುಗಿದ ಮೇಲೆ ನೋಡಿದರೆ ಸೈಕಲ್ ಊರ ಅಗಸಿ ದಾಟಿರುತ್ತಿತ್ತು.

ಇದನ್ನು ಕೆಲವರು ಸೊಕ್ಕು ಅಂದರು. ಕೆಲವರು ಖಾದಿಯವರ ಸಹವಾಸ ಅಂದರು. ಎರಡೂ ಅಲ್ಲ. ಅವರು ಚಹಾ ಕುಡಿಯುತ್ತಿದ್ದ ಕಾಲದಿಂದ ನಾನು ಅವರನ್ನು ಬಲ್ಲೆ. ಚಹಾ ಏನು, ಹೋಳಿಗೆ ಊಟಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ ಮನುಷ್ಯ ಅವರು.

ನಿಜಾಮನ ಆಳ್ವಿಕೆ ಮುಗಿದು ಶಾಲೆಗಳಿಗೆ ಕನ್ನಡ ಬಂದಾಗ, ಕಲಿಸುವವರು ಸಾಲದೆ ಗದಗದ ಕಡೆಯ ನಮ್ಮಂಥವರನ್ನು ಕರೆಸಿಕೊಂಡರು. ನಾನು ಲಿಂಗಸುಗೂರಿಗೆ ಬಂದು ಬಸ್ಸಿಳಿದವನು ಮೊದಲು ನೋಡಿದ್ದೇ ಅವರ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಡಬ್ಬಿ. ಪಾಟಿ, ಬಳಪ, ಮಸಿ ಕುಡಿಕೆ, ಮತ್ತು ಮಧ್ಯಾಹ್ನದ ರಾಯಚೂರು ಬಸ್ಸಿಗೆ ಬರುವ ನಿನ್ನೆಯ ಪತ್ರಿಕೆ. ಪತ್ರಿಕೆಯ ಏಜೆಂಟರೂ ಅವರೇ, ವರದಿಗಾರರೂ ಅವರೇ. ಊರಿಗೆಲ್ಲ ಅವರು ಪೇಪರ್ ಕಾಕಾ, ಅವರ ಹೆಂಡತಿ ಕಾಕು. ಕಾಕಾ ಓದಿದ್ದು ಉರ್ದುವಿನಲ್ಲಿ. ಕನ್ನಡ ಬರೆದರೆ ವಾಕ್ಯ ಎಲ್ಲೋ ಹೊರಟು ಎಲ್ಲೋ ಇಳಿಯುತ್ತಿತ್ತು. ನಾನು ಕನ್ನಡ ಮಾಸ್ತರ ಎಂದು ಗೊತ್ತಾದ ದಿನವೇ ನನ್ನ ಕೈಗೆ ಒಂದು ಹಾಳೆ ಬಂತು. ಅಂದಿನಿಂದ ಅವರ ವರದಿಗಳನ್ನು ತಿದ್ದಿ ಬರೆದುಕೊಡುವ ಕೆಲಸ ನನ್ನದಾಯಿತು. ಪತ್ರಿಕೆಯವರು ಅವರಿಗೆ ಕೊಡುತ್ತಿದ್ದದ್ದು ಬರೀ ಲಕೋಟೆ ಮತ್ತು ಅಂಚೆ ಚೀಟಿ. ನನಗೆ ಅದೂ ಇಲ್ಲ.

ಮಳೆ, ರಸ್ತೆ, ಸಭೆ, ಸಮಾರಂಭ ಎಲ್ಲದರ ಸುದ್ದಿಯನ್ನೂ ಅವರು ಕಳಿಸುತ್ತಿದ್ದರು, ಆದರೆ ಒಲ್ಲದ ಮನಸ್ಸಿನಿಂದ. ಜೀವ ಇದ್ದದ್ದು ಆಟದಲ್ಲಿ, ಅದರಲ್ಲೂ ಕುಸ್ತಿಯಲ್ಲಿ. ಕಣದ ಅಂಚಿಗೆ ಕುಕ್ಕರುಗಾಲಿನಲ್ಲಿ ಕೂತು ನೋಡುವಾಗ ಪೈಲ್ವಾನರ ಜೊತೆ ಅವರ ಹೆಗಲೂ ಹೊರಳುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಮೊಣಕೈ ತಿವಿತ ತಪ್ಪಿದ್ದಲ್ಲ. ಅಲ್ಲಿ ಒಂದು ಅಕ್ಷರವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಬರೆಯಲು ತಲೆ ತಗ್ಗಿಸಿದಾಗಲೇ ಪಟ್ಟು ಬೀಳುತ್ತದೆ ಎಂದು ಅವರ ವಾದ. ತಿರುಗಿ ಬಂದ ಮೇಲೆ ಅಂಗಡಿಯಲ್ಲಿ ನನಗೆ ಎಲ್ಲವನ್ನೂ ಮಾಡಿ ತೋರಿಸುವರು. ಮಾರಾಟವಾಗದೆ ಉಳಿದ ಪತ್ರಿಕೆಯ ಕಟ್ಟೇ ಎದುರಾಳಿ. ಅದನ್ನು ಕಂಕುಳಲ್ಲಿ ಹಿಡಿದು, ಸುತ್ತಿಸಿ, ನೆಲಕ್ಕೆ ಕೆಡವಿ, ಮೇಲೆ ಮಂಡಿಯೂರಿ, ‘ಹಿಂಗ ಬರೀರಿ ಮಾಸ್ತರ್’ ಅನ್ನುವರು. ಬಳಪ ಕೊಳ್ಳಲು ಬಂದ ಗಿರಾಕಿ ಹೊರಗೆ ನಿಂತು ನೋಡುತ್ತಿರುತ್ತಿದ್ದ.

ಅವರ ವರದಿಗೆ ಆ ಮೂರು ಊರುಗಳಲ್ಲಿ ಒಂದು ತೂಕವಿತ್ತು. ಕುಸ್ತಿಯಲ್ಲಿ ತಕರಾರು ಬಂದರೆ ಕಣದಲ್ಲಿ ನಿಂತು ಜಗಳಾಡುವುದನ್ನು ಬಿಟ್ಟು ಜನ ‘ಪೇಪರಿನಾಗ ಬರ್ಲಿ ತಡಿ’ ಎಂದು ಮನೆಗೆ ಹೋಗುತ್ತಿದ್ದರು. ಕಾಕಾ ಗೆದ್ದ ಅಂದರೆ ಗೆದ್ದ, ಸೋತ ಅಂದರೆ ಸೋತ. ಪಂಚರ ತೀರ್ಪು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಬರುವ ಹೊತ್ತಿಗೆ ಅದು ನಡೆದುಬಂದಿತ್ತು.

ನಡೆದುಬಂದ ಇನ್ನೊಂದು ಪದ್ಧತಿ ಆಯೇರಿ. ಮನೆಗೆ ಬಂದವರಿಗೆ, ಸಮಾರಂಭಕ್ಕೆ ಬಂದವರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಆಟ ನಡೆಸುವವರು ಕಾಕಾಗೂ ಆಯೇರಿ ಮಾಡುತ್ತಿದ್ದರು. ಧೋತರ ಬರುತ್ತಿತ್ತು, ಕಾಕುವಿಗೆ ಕುಪ್ಪಸದ ಖಣ ಬರುತ್ತಿತ್ತು. ಸಿಂಧನೂರಿನ ವಾಲಿಬಾಲ್ ಮಂಡಳಿಯವರು ಕೊಟ್ಟ ಹಿತ್ತಾಳೆಯ ತಂಬಿಗೆಯನ್ನು ಕಾಕು ಹುಣಸೆಹಣ್ಣು ಹಚ್ಚಿ ಬೆಳಗಿ, ಬಂದವರಿಗೆಲ್ಲ ಅದರಲ್ಲೇ ನೀರು ಕೊಡುತ್ತಿದ್ದಳು. ಇದೆಲ್ಲ ಸರಿಯೇ ಎಂದು ನಾನು ಒಮ್ಮೆ ಕೇಳಿದೆ. ಹೊಸದಾಗಿ ಮಾಸ್ತರನಾದವನು ಕೇಳಬಹುದಾದ ಪ್ರಶ್ನೆ. ಕಾಕಾ ನಕ್ಕರು.

“ಲಂಚ ಅಂದ್ರ ಕದ್ದು ಕೊಡ್ತಾರ ಮಾಸ್ತರ್. ಇದನ್ನ ಸಾವಿರ ಮಂದಿ ಮುಂದ ಕೊಡ್ತಾರ. ಇದು ಮರ್ಯಾದಿ.”

ನನಗೂ ಒಪ್ಪಿಗೆಯಾಯಿತು. ಅವರ ಜೊತೆ ಉಂಡವನು ನಾನು, ಒಪ್ಪದೆ ಏನು ಮಾಡಲಿ? ಗೆಲುವು ಸೋಲನ್ನು ಅವರು ಎಂದೂ ಅತ್ತಿತ್ತ ಮಾಡಿದವರಲ್ಲ. ಕೊನೆಯಲ್ಲಿ ಮಾತ್ರ ‘ವ್ಯವಸ್ಥೆ ಅಚ್ಚುಕಟ್ಟಾಗಿತ್ತು’ ಎಂಬ ಒಂದು ಸಾಲು ಬೀಳುತ್ತಿತ್ತು. ಸಿಂಧನೂರಿನಲ್ಲಿ ಒಂದು ಸಲ ಕುಡಿಯುವ ನೀರು ಮುಗಿದು, ಆಟ ನೋಡಲು ಬಂದವರು ಮನೆ ಮನೆ ಅಲೆದಿದ್ದರು. ಆಗಲೂ ಆ ಸಾಲು ಬಿತ್ತು. ಬರೆದ ನನಗೇ ನಗು ಬಂದಿತ್ತು.

ಇನ್ನು ಮಸ್ಕಿಯ ಕುಸ್ತಿ. ಅಲ್ಲಿ ಹತ್ತಿ ವ್ಯಾಪಾರದ ಒಬ್ಬ ಸಾವುಕಾರರು ಜಿನ್ನಿಂಗ್ ಮಿಲ್ಲು ಹಾಕಿದ್ದರು. ವರ್ಷದ ಹತ್ತಿ ಬರುವ ಮುನ್ನ ಕುಸ್ತಿ ಇಡಿಸುವುದು ಅವರ ಹವ್ಯಾಸ. ಮಿಲ್ಲಿಗೆ ಕೆಲಸಕ್ಕೆ ಬಂದಿದ್ದ ಹುಸೇನಸಾಬನೆಂಬ ಪಿಂಜಾರರ ಹುಡುಗನ ಮೈಕಟ್ಟು ನೋಡಿ, ಹಾಲು ಬಾದಾಮಿ ಕೊಟ್ಟು ತಾಲೀಮಿಗೆ ಹಾಕಿದ್ದರು. ಹುಸೇನಸಾಬ ಮುಕ್ಕುಂದದವನು. ಅವನಪ್ಪ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿಯ ಹತ್ತಿ ಹಿಂಜುವವನು. ಆ ವರ್ಷ ದೊಡ್ಡ ಜೋಡಿಗೆ, ಅಂದರೆ ದಿನದ ಕೊನೆಯ ಕುಸ್ತಿಗೆ, ಈ ಹುಸೇನಸಾಬನ ಎದುರು ನಿಂತದ್ದು ನಮ್ಮ ಲಿಂಗಸುಗೂರಿನ ಪೈಲ್ವಾನ. ಆತ ಹೊಲಮನೆ ಇದ್ದವನು, ಹೆಸರಾದವನು. ಅವನ ಬೆನ್ನು ನೋಡಿದ ಮಣ್ಣು ಈ ಭಾಗದಲ್ಲಿ ಇಲ್ಲ ಎಂದು ನಮ್ಮವರು ಎದೆ ತಟ್ಟಿ ಹೇಳುತ್ತಿದ್ದರು. ರಾಯಚೂರಿನ ಒಬ್ಬ ಉಸ್ತಾದರು ಹೇಳಿ ಕಳಿಸಿದ್ದರು: ಈ ಹುಡುಗ ಆತನನ್ನು ಚಿತ್ ಮಾಡಿದರೆ ತಮ್ಮ ತಾಲೀಮಿನಲ್ಲಿ ಇಟ್ಟುಕೊಂಡು ಹೈದರಾಬಾದಿನವರೆಗೆ ಒಯ್ಯುತ್ತೇನೆ ಎಂದು. ಹುಸೇನಸಾಬನಿಗೆ ಅದು ಬರೀ ಕುಸ್ತಿಯಲ್ಲ. ಗೆದ್ದರೆ ಅಪ್ಪನ ಹೆಗಲ ಮೇಲಿನ ಬಿಲ್ಲು ತನ್ನ ಹೆಗಲಿಗೆ ಬರುವುದಿಲ್ಲ.

ದೊಡ್ಡ ಜೋಡಿಗೆ ಮುಂಚೆ ಹಲಗೆಯ ಬಡಿತ ನಿಂತಿತು. ಸಾವುಕಾರರು ಎದ್ದರು. ಗುಲಾಬಿ ಬಣ್ಣದ ಒಂದೇ ಥಾನು ಬಿಚ್ಚಿ ಹರಿದು ರುಮಾಲು ಸುತ್ತತೊಡಗಿದರು. ಮೊದಲು ತಮ್ಮ ತಾಲೀಮಿನ ಉಸ್ತಾದನಿಗೆ, ಆಮೇಲೆ ಹುಸೇನಸಾಬನ ಅಪ್ಪನಿಗೆ, ಆಮೇಲೆ ತಮ್ಮ ಬೀಗರಿಗೆ. ಕೊನೆಗೆ ಪೇಪರಿನವರು ಬರಬೇಕು ಎಂದು ಕೂಗಿ ಕರೆದರು. ಕಾಕಾ ಎದ್ದು ತಮ್ಮ ಹಳೆಯ ಬಿಳಿ ರುಮಾಲು ತೆಗೆದು ನನ್ನ ಕೈಗೆ ಕೊಟ್ಟು, ಹೋಗಿ ತಲೆ ಬಾಗಿಸಿದರು. ಹಿರಿಯರು ಸುತ್ತಲು ಕೈಯೆತ್ತಿದರೆ ಯಾರು ತಾನೆ ತಲೆ ಹಿಂದೆ ತೆಗೆಯುತ್ತಾರೆ? ಅವರು ಕಣದ ಅಂಚಿಗೆ ಬಂದು ಕೂತಾಗ, ಎದುರು ಬದಿಯ ಲಿಂಗಸುಗೂರಿನ ಮಂದಿಗೆ ಕಂಡದ್ದು ಸಾವುಕಾರರ ಕಡೆಯ ಗುಲಾಬಿ ತಲೆಗಳ ಸಾಲು, ಆ ಸಾಲಿನಲ್ಲಿ ನಮ್ಮ ಕಾಕಾ.

ಕುಸ್ತಿ ಬಹಳ ಹೊತ್ತು ನಡೆಯಿತು. ಹೊತ್ತು ಇಳಿಯುತ್ತಿದ್ದಾಗ ಹುಸೇನಸಾಬ ಎದುರಾಳಿಯ ಕುತ್ತಿಗೆಗೆ ತೋಳು ಸುತ್ತಿ, ಕಾಲು ಕೊಟ್ಟು ಎತ್ತಿ ಒಗೆದ. ಇಬ್ಬರೂ ಬಿದ್ದರು. ಮಣ್ಣು ಎದ್ದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪೈಲ್ವಾನ ಹೊರಳಿ ಬೋರಲಾಗಿದ್ದ. ಪಂಚರು ಹುಸೇನಸಾಬನ ಕೈ ಎತ್ತಿದರು. ಲಿಂಗಸುಗೂರಿನವರು ಒಂದೇ ಹೆಗಲು ನೆಲಕ್ಕೆ ಹತ್ತಿದೆ, ಎರಡೂ ಹತ್ತದೆ ಚಿತ್ ಅಲ್ಲ ಎಂದು ಎದ್ದು ನಿಂತರು. ನಾನು ಕೂತಲ್ಲಿಂದ ನನಗೆ ಬೆನ್ನುಗಳು ಮಾತ್ರ ಕಂಡವು, ಆಣೆ ಮಾಡಿ ಏನೂ ಹೇಳಲಾರೆ. ಕಾಕಾ ಮಾತ್ರ ಇಬ್ಬರೂ ಬಿದ್ದ ಬದಿಗೇ, ಗದ್ದ ಮಣ್ಣಿಗೆ ತಾಗುವಷ್ಟು ಬಾಗಿ ನೋಡುತ್ತಿದ್ದರು. ಗದ್ದಲ ಹೆಚ್ಚಾಗಿ, ಕೊನೆಗೆ ಎಂದಿನಂತೆ ‘ಪೇಪರಿನಾಗ ಬರ್ಲಿ’ ಎಂದು ಮಂದಿ ಚದುರಿದರು. ಸೈಕಲ್ ತುಳಿಯುತ್ತಾ ಕಾಕಾ ನನಗೆ ಹೇಳಿದ್ದು ಒಂದೇ ಮಾತು, ಎರಡೂ ಹೆಗಲು ಹತ್ತಿದ್ದವು ಎಂದು. ಹಾಗೆಯೇ ಬರೆಸಿದರು. ವ್ಯವಸ್ಥೆಯ ಸಾಲನ್ನೂ ಅಂದು ಹಾಕಿಸಲಿಲ್ಲ.

ಪತ್ರಿಕೆ ಬಂದ ದಿನ ಬಸ್ ನಿಲ್ದಾಣದಲ್ಲಿ ಜನ ಕಾಯುತ್ತಿದ್ದರು. ಅಂಗಡಿಯ ಎದುರಿಗೇ ಒಬ್ಬ ಮುದಿ ದರ್ಜಿ ಮಿಷನ್ ಹಾಕಿಕೊಂಡು ಕೂಡುತ್ತಿದ್ದ. ಓದು ಬಾರದವರಿಗೆ ಓದಿ ಹೇಳುವವನು ಅವನೇ. ವರದಿಯನ್ನು ಗಟ್ಟಿಯಾಗಿ ಓದಿದ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಹೇಳಿದ:

“ಇದು ಕಾಕಾ ಬರದದ್ದಲ್ಲ. ರುಮಾಲು ಬರದದ್ದು.”

ಮಂದಿ ನಕ್ಕರು. ಕಾಕಾ ಅಂಗಡಿಯಲ್ಲೇ ಇದ್ದರು, ಕೇಳಿಸಿತ್ತು. ತಲೆಯೆತ್ತದೆ ಪತ್ರಿಕೆ ಮಡಚುತ್ತಲೇ ಇದ್ದರು. ಆ ಮಾತು ಬಸ್ಸು ಹತ್ತಿ ಮಸ್ಕಿಗೆ ಹೋಯಿತು, ಸಿಂಧನೂರಿಗೆ ಹೋಯಿತು, ರಾಯಚೂರನ್ನೂ ಮುಟ್ಟಿತು. ತಕರಾರಿನ ಕುಸ್ತಿ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಹಿಡಿದು ಗೆದ್ದು ಬರಲಿ ಎಂದು ಅಲ್ಲಿನ ಉಸ್ತಾದರು ಹೇಳಿ ಕಳಿಸಿದರು. ನಮ್ಮ ಪೈಲ್ವಾನ ಒಪ್ಪಲಿಲ್ಲ. ಸೋತವನು ಮತ್ತೆ ಕುಸ್ತಿ ಕೇಳುತ್ತಾನೆ, ತಾನು ಸೋತಿಲ್ಲ, ತನಗೇಕೆ ಇನ್ನೊಂದು ಕುಸ್ತಿ ಎಂದ. ಬರುಬರುತ್ತಾ ಸಾವುಕಾರರಿಗೂ ಬೇಸರ ಬಂತು. ಹಾಲು ನಿಂತಿತು, ಬಾದಾಮಿ ನಿಂತಿತು.

ಒಂದು ದಿನ ಹುಸೇನಸಾಬ ಅಂಗಡಿಗೆ ಬಂದ. ನಾನು ಅಲ್ಲೇ ಇದ್ದೆ. ಬಾಗಿಲು ತುಂಬುವ ಆಳು, ಆದರೆ ಅಂದು ಮೈ ಸಣ್ಣ ಮಾಡಿಕೊಂಡು ನಿಂತಿದ್ದ.

“ಕಾಕಾ, ನೀವು ಖರೇನ ನೋಡಿದ್ರ್ಯಾ?”

“ನೋಡೀನಿ. ಎರಡೂ ಹತ್ಯಾವ.”

“ಹಂಗಾರ ಮಂದಿ ಯಾಕ ನಂಬವಲ್ರು?”

ಕಾಕಾ ಬಳಪದ ಡಬ್ಬಿಯನ್ನು ಅತ್ತಿತ್ತ ಸರಿಸಿದರು. ಹುಸೇನಸಾಬ, ಸಿಟ್ಟಿಲ್ಲದೆ, ಯಾವುದೋ ಸಣ್ಣ ಕೆಲಸ ತಪ್ಪಿದ್ದನ್ನು ಹೇಳುವವನ ಹಾಗೆ ಹೇಳಿದ:

“ಆ ರುಮಾಲು ಕುಸ್ತಿ ಮುಗದ ಮ್ಯಾಲ ಸುತ್ತಿಸ್ಕೊಂಡಿದ್ರ ಆಗ್ತಿತ್ತಲ್ರೀ.”

ಅಷ್ಟು ಹೇಳಿ ಹೋದ. ಆ ತಿಂಗಳೇ ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ ತೋಡುವ ಕೆಲಸಕ್ಕೆ ಸೇರಿ ಮಣ್ಣು ಹೊರತೊಡಗಿದನೆಂದು ಗೊತ್ತಾಯಿತು. ಸುಳ್ಳು ಬರೆದಿದ್ದರೆ ಕಾಕಾ ಇಷ್ಟು ನೋಯುತ್ತಿರಲಿಲ್ಲವೇನೋ. ನಿಜ ಬರೆದಿದ್ದರು. ಆ ನಿಜ ಆ ಹುಡುಗನ ಯಾವ ಉಪಯೋಗಕ್ಕೂ ಬರಲಿಲ್ಲ. ನನಗೆ ಆ ದಿನಗಳಲ್ಲಿ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆ ಗುಲಾಬಿ ರುಮಾಲನ್ನು ಸಾವುಕಾರರಿಗೆ ತಿರುಗಿ ಕೊಟ್ಟುಬಿಡಿ ಎಂದು ನಾನು ಹೇಳಿನೋಡಿದೆ. “ತಿಂದದ್ದನ್ನ ಅವರ ಅಂಗಳದಾಗ ಕಕ್ಕಿದಂಗ ಆಗ್ತೈತಿ. ಕಕ್ಕಿದ್ರೂ ತಿಂದದ್ದು ತಿಂದದ್ದ ಮಾಸ್ತರ್,” ಎಂದು ಅದನ್ನು ಅಂಗಡಿಯ ಒಳಗೋಡೆಯ ಮೊಳೆಗೆ ತೂಗುಹಾಕಿದರು. ಕೂತಲ್ಲಿಂದ ತಮಗೆ ಕಾಣುವ ಹಾಗೆ. ಹಳೆಯ ಬಿಳಿ ರುಮಾಲನ್ನೂ ಮತ್ತೆ ಸುತ್ತಲಿಲ್ಲ. ಹೆಚ್ಚುಕಡಿಮೆ ಅರವತ್ತರ ಮನುಷ್ಯ ಬರಿದಲೆಯಲ್ಲಿ ಪೇಟೆ ತಿರುಗುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕಾಕು ಬೈದಳು, ಅತ್ತಳು, ಕೊನೆಗೆ ಹಿತ್ತಾಳೆಯ ತಂಬಿಗೆಯನ್ನು ತಾನೇ ಒಯ್ದು ಅಟ್ಟಕ್ಕೆ ಹಾಕಿದಳು.

ಅಂದಿನಿಂದ ರೊಟ್ಟಿ ಗಂಟು, ನೀರಿನ ಬಾಟಲಿ. ಹೇಳುವಷ್ಟು ಸಲೀಸಾಗಿ ಅದು ನಡೆಯಲಿಲ್ಲ. ನಮ್ಮ ಕಡೆ ಕೊಟ್ಟದ್ದನ್ನು ಒಲ್ಲೆ ಅನ್ನುವುದು ಬೈದದ್ದಕ್ಕಿಂತ ಹೆಚ್ಚು. ಸಿಂಧನೂರಿನ ವಾಲಿಬಾಲ್ ಮಂಡಳಿಯವರು ಮುನಿದು ಮರುವರ್ಷ ಕರೆಯಲೇ ಇಲ್ಲ. ಕಾಕಾ ಕರೆಯದೆ ಹೋದರು, ಹಗ್ಗದ ಹೊರಗೆ ನಿಂತು ನೋಡಿದರು, ಪಂದ್ಯ ಚೆನ್ನಾಗಿತ್ತು, ಕುಡಿಯಲು ನೀರಿರಲಿಲ್ಲ ಎಂದು ಬರೆಸಿದರು. ಮಂಡಳಿಯವರು ಕೆಂಡಾಮಂಡಲವಾದರು. ಆದರೆ ಅದರ ಮರುವರ್ಷ ಮೈದಾನದ ನಾಲ್ಕೂ ಮೂಲೆಗೆ ನೀರು ತುಂಬಿದ ಹರಿವಿಗಳು ಬಂದು ಕೂತವು. ಕಾಕಾ ತಮ್ಮ ಬಾಟಲಿಯ ನೀರನ್ನೇ ಕುಡಿದರು.

ನನ್ನ ಜೊತೆಗೂ ಅದೇ ಹಟ. ಶಾಲೆಯ ಆಟೋಟ ನೋಡಿಕೊಳ್ಳುವವನು ನಾನು. ಆಟೋಟದ ದಿನ ನನ್ನ ಮನೆಯ ಮುಂದೆ ಹಾದು ಹೋದರೂ ಒಳಗೆ ಬರುತ್ತಿರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದು, ಇಷ್ಟು ವರ್ಷ ನಿಮ್ಮ ಅಕ್ಷರ ತಿದ್ದಿದ್ದಕ್ಕೆ ಇದೇ ಏನು ಎಂದು ಜಗಳವಾಡಿದೆ. ಎರಡು ದಿನ ಬಿಟ್ಟು, ವರದಿ ಅಚ್ಚಾದ ಮೇಲೆ, ತಾವೇ ಬಂದು ಕಟ್ಟೆಯ ಮೇಲೆ ಕೂತು, ಚಹಾ ಇಡಿಸಬೇಕು, ಬೆಲ್ಲ ಹೆಚ್ಚಿಗೆ ಹಾಕಿಸಬೇಕು ಎಂದರು. ನನ್ನ ಹೆಂಡತಿ ಇನ್ನೂ ಆ ಮಾತು ಹೇಳಿ ನಗುತ್ತಾಳೆ.

ಸಿಂಧನೂರಿಗೆ ಹೋಗುವಾಗಲೆಲ್ಲ ಅವರು ಕಾಲುವೆ ಕೆಲಸದ ಹತ್ತಿರ ಸೈಕಲ್ ಇಳಿಯುತ್ತಿದ್ದರು. ಒಮ್ಮೆ ಜೊತೆಗೆ ನಾನಿದ್ದೆ. ಹುಸೇನಸಾಬ ಬುಟ್ಟಿ ಇಟ್ಟು ಬಂದು ಅವರ ಗಂಟಿನ ರೊಟ್ಟಿ, ಶೇಂಗಾ ಹಿಂಡಿ ತಿಂದ. ಅವನ ಹೆಗಲು ಇನ್ನೂ ಪೈಲ್ವಾನನ ಹೆಗಲೇ ಆಗಿತ್ತು. ಪಕ್ಕದ ಚಪ್ಪರದಿಂದ ಚಹಾ ತರಿಸಿದ. ಕಾಕಾ ಕಪ್ಪು ಮುಟ್ಟಲಿಲ್ಲ.

“ಕುಡೀರಿ ಕಾಕಾ,” ಎಂದು ನಕ್ಕ. “ನನ್ನ ಮ್ಯಾಲ ಇನ್ನೇನ ಬರೀತೀರಿ?”

“ನಿನ್ನ ಮ್ಯಾಲ ಬರಿಯೂದು ಇನ್ನೂ ಐತಿ,” ಅಂದರು ಕಾಕಾ. ಹುಸೇನಸಾಬ ನಗು ನಿಲ್ಲಿಸಿ ಕಪ್ಪನ್ನು ತಾನೇ ತೆಗೆದುಕೊಂಡ. ಅವನು ಮತ್ತೊಮ್ಮೆ ಕಣಕ್ಕೆ ಇಳಿಯುತ್ತಾನೆ, ತಾವು ಬರಿದಲೆಯಲ್ಲಿ ಕೂತು ನೋಡಿ ಬರೆಯುತ್ತೇವೆ ಎಂಬ ಆಸೆ ಅವರಿಗಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಅವನು ಇಳಿಯಲಿಲ್ಲ. ಇಳಿಸುವವರು ಯಾರೂ ಇರಲಿಲ್ಲ.

ಐವತ್ತಾರರಲ್ಲಿ ಕನ್ನಡದ ಸೀಮೆಯೆಲ್ಲ ಒಂದಾಗುವುದಕ್ಕೆ ಸ್ವಲ್ಪ ಮುಂಚೆ ಕಾಕಾ ತೀರಿಕೊಂಡರು. ಜ್ವರ ಬಂದು ಮಲಗಿದವರು ಏಳಲಿಲ್ಲ. ಅವರ ಮನೆತನದ ಪದ್ಧತಿಯಂತೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ತಲೆಗೆ ರುಮಾಲು ಸುತ್ತಬೇಕು. ಅಲ್ಲಿಗೆ ಬಂದು ಎಲ್ಲರೂ ನಿಂತರು. ಅವರು ಒಲ್ಲೆ ಅಂದಿದ್ದರು, ಯಾರೂ ಸುತ್ತಬಾರದು ಎಂದಳು ಕಾಕು. ಬರಿದಲೆಯಲ್ಲಿ ಹೇಗೆ ಒಯ್ಯುವುದು ಎಂದರು ಹಿರಿಯರು. ತಿಳಿಯದ ಒಬ್ಬರು ಅಂಗಡಿಯ ಮೊಳೆಯಲ್ಲಿದ್ದ ಗುಲಾಬಿ ರುಮಾಲನ್ನೇ ತಂದರು. ಅದನ್ನು ನೋಡಿ ಕಾಕು ಮುಖ ಮುಚ್ಚಿಕೊಂಡು ಅಳತೊಡಗಿದಳು. ಅದನ್ನು ನಾನು ಇಸಿದುಕೊಂಡು ಹೊರಗೆ ಇಟ್ಟು ಬಂದೆ.

ಆಗ ಹುಸೇನಸಾಬ ಬಂದ. ಕಾಲುವೆಯಿಂದ ನೇರವಾಗಿ ಬಂದಿರಬೇಕು, ಮೊಣಕಾಲಿನವರೆಗೆ ಮಣ್ಣಿತ್ತು. ಕಂಕುಳಲ್ಲಿ ಬಿಳಿಯ ಹೊಸ ರುಮಾಲು. ಹೊಸ್ತಿಲ ಹೊರಗೇ ನಿಂತು ಕಾಕುವನ್ನು ನೋಡಿದ.

“ಕಾಕು, ಇನ್ನ ಇವ್ರು ನನ್ನ ಮ್ಯಾಲ ಏನೂ ಬರಿಯೂದಿಲ್ಲ. ಈಗ ಸುತ್ತಿದ್ರ ನಡೀತೈತಿ.”

ಕಾಕು ತಲೆಯಾಡಿಸಿದಳು. ಹಿರಿಯರೂ ಸರಿದು ದಾರಿ ಬಿಟ್ಟರು. ಹುಸೇನಸಾಬ ಒಳಗೆ ಬಂದು ರುಮಾಲಿನ ಒಂದು ತುದಿಯನ್ನು ಕಾಕಾನ ಹಣೆಯ ಬಳಿ ಇಟ್ಟ. ಅಷ್ಟುದ್ದದ ಬಟ್ಟೆ, ಬಿಗಿಯಾಗಿ ಕೂಡಬೇಕಾದರೆ ಇನ್ನೊಂದು ತುದಿಯನ್ನು ಯಾರಾದರೂ ಎಳೆದು ಹಿಡಿಯಬೇಕು. ಅವನು ತಿರುಗಿ ನೋಡಿದ. ನಾನು ಏಳುವಷ್ಟರಲ್ಲಿ ಗೋಡೆಯ ಬದಿಯಿಂದ ಒಬ್ಬರು ಮುಂದೆ ಬಂದು ಆ ತುದಿ ಹಿಡಿದರು. ನಮ್ಮ ಊರಿನ ಪೈಲ್ವಾನ. ಅಂದಿನ ಕುಸ್ತಿಯ ನಂತರ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು. ದರ್ಜಿ ಬಾಗಿಲಲ್ಲಿದ್ದ, ಕನ್ನಡಕದೊಳಗಿಂದ ನೋಡುತ್ತಿದ್ದ. ಬಟ್ಟೆ ಇಬ್ಬರ ನಡುವೆ ಬಿಗಿಯಾಯಿತು, ಹುಸೇನಸಾಬ ಒಂದೊಂದೇ ಸುತ್ತು ಹಾಕುತ್ತಾ ಬಂದ. ತುದಿ ಗಿಡ್ಡವಾಗುತ್ತಾ ಹೋದ ಹಾಗೆ ಪೈಲ್ವಾನ ಹೆಜ್ಜೆ ಹೆಜ್ಜೆಗೆ ಹತ್ತಿರ ಬರಬೇಕಾಯಿತು. ಪೂರ್ತಿ ಹತ್ತಿರ ಬಂದಾಗ, ಯಾರ ಮುಖವನ್ನೂ ನೋಡದೆ ಹೇಳಿದ:

“ಗಟ್ಟಿ ಸುತ್ತು ಹುಸೇನ. ಅವತ್ತ ಅವ್ರು ಬರದದ್ದು ಖರೇ ಐತಿ.”

ಹುಸೇನಸಾಬ ಕೈ ನಿಲ್ಲಿಸಲಿಲ್ಲ. ಆ ಮಾತು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ದರ್ಜಿಗೂ ಕೇಳಿಸಿತು. ಅದನ್ನು ಕೇಳಲೆಂದು ಅಷ್ಟು ವರ್ಷ ಬಿಸಿಲಲ್ಲಿ ತಿರುಗಿದ ತಲೆಗೆ ಆಗಲೇ ಕೊನೆಯ ಸುತ್ತು ಬಿದ್ದಿತ್ತು.